ಹಿಂದಿನ ಗಾಲಿಯ ರಾಡು

ಮಹಾಲಿಂಗಪುರದ ಮುಧೋಳ ರಸ್ತೆಯಲ್ಲಿ ರೇವಪ್ಪನ ಗ್ಯಾರೇಜಿಗೆ ಬೋರ್ಡು ಇರಲಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ. ಲಾರಿಯ ಪಾಟಾ ಮುರಿದವರು, ಜೀಪು ಒಂದು ಕಡೆಗೆ ಎಳೆಯುತ್ತದೆಂದು ಗೊಣಗುವವರು, ಕಾರಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆ ಎನ್ನುವವರು ಬಸ್ ಸ್ಟ್ಯಾಂಡಿನಲ್ಲಿ ಕೇಳಿಕೊಂಡು ತಾವಾಗಿಯೇ ಬರುತ್ತಿದ್ದರು. ರೇವಪ್ಪ ಇಂಜಿನ್ನಿಗೆ ಕೈ ಹಚ್ಚುತ್ತಿರಲಿಲ್ಲ. ಇಂಜಿನ್ನು ಸದ್ದು ಮಾಡಿ ತನ್ನ ರೋಗವನ್ನು ತಾನೇ ಊರಿಗೆಲ್ಲ ಹೇಳುತ್ತದೆ, ಅದಕ್ಕೆ ಯಾವ ಮೆಕ್ಯಾನಿಕ್ ಆದರೂ ಸಾಕು ಎಂಬ ಹಮ್ಮು ಅವನದು. ಅವನ ಕೆಲಸವೆಲ್ಲ ಗಾಡಿಯ ಹೊಟ್ಟೆಯ ಕೆಳಗೆ. ಭಾರ ಹೊರುವ ಉಕ್ಕಿನ ಪಟ್ಟಿಗಳ ಪಾಟಾ, ಸ್ಪ್ರಿಂಗು, ಕುಲುಕು ತಡೆಯುವ ಶಾಕಪ್ಪು, ರಬ್ಬರಿನ ಬುಶ್ಶು. ಇವಲ್ಲದೆ ಎಡಗಾಲಿಗೂ ಬಲಗಾಲಿಗೂ ನಡುವೆ ಅಡ್ಡ ಮಲಗಿರುವ ಬಾಗಿದ ಉಕ್ಕಿನ ಸರಳೊಂದಿರುತ್ತದೆ. ತಿರುವಿನಲ್ಲಿ ಗಾಡಿ ಮಗ್ಗುಲಿಗೆ ವಾಲದಂತೆ ಹಿಡಿಯುವುದು ಅದರ ಕೆಲಸ. ಓದಿದವರು ಅದನ್ನು ಸ್ಟೆಬಿಲೈಜರ್ ಎನ್ನುತ್ತಾರೆ. ರೇವಪ್ಪನ ಬಾಯಲ್ಲಿ ಅದು ಬರೀ ರಾಡು.

ಗಾಡಿ ಸರಿಯಾಯಿತೋ ಇಲ್ಲವೋ ಎಂದು ನೋಡಲು ಅವನ ಬಳಿ ಯಂತ್ರವಿರಲಿಲ್ಲ. ಸಭ್ಯರು ಕ್ಷಮಿಸಬೇಕು, ಅವನ ಯಂತ್ರವೆಂದರೆ ಅವನ ಕುಂಡಿ. ಮುಂದಿನ ಗಾಲಿಗಳ ಸುದ್ದಿಯನ್ನು ಸ್ಟೇರಿಂಗ್ ಹಿಡಿದ ಕೈ ಹೇಳುತ್ತದೆ. ಹಿಂದಿನ ಗಾಲಿಗಳ ಸುದ್ದಿ ಬರುವುದು ಸೀಟಿನ ಮೇಲೆ ಕೂತ ಮೈಗೆ. ಹಿಂಭಾಗ ನೆಲ ಬಿಡುವ ಮುಂಚೆ ಒಂದು ಸಣ್ಣ ಜಾರು ಕೆಳಗಿನಿಂದ ತಿಳಿಯುತ್ತದೆ. ಅದನ್ನು ಅರಿತವನು ಗಾಡಿಯನ್ನು ಉಳಿಸಿಕೊಳ್ಳುತ್ತಾನೆ, ಕಣ್ಣಿಗೆ ಕಾಣಲಿ ಎಂದು ಕಾದವನು ಹೊಲದಲ್ಲಿರುತ್ತಾನೆ. ಈ ಮಾತನ್ನು ರೇವಪ್ಪ ಬಂದವರಿಗೆಲ್ಲ ಹೇಳುತ್ತಿದ್ದ, ಹೇಳುತ್ತ ತನ್ನ ಕುಂಡಿಯ ಮೇಲೆ ತಾನೇ ಒಂದೇಟು ಹಾಕಿಕೊಳ್ಳುತ್ತಿದ್ದ, ಜನ ನಗುತ್ತಿದ್ದರು.

ಅವನದೊಂದು ಕಟ್ಟಳೆಯೂ ಇತ್ತು. ಗಾಡಿಯನ್ನು ಖಾಲಿ ಓಡಿಸಿ ನೋಡಬಾರದು, ತುಂಬಿ ನೋಡಬೇಕು. ಈ ಸೀಮೆಯಲ್ಲಿ ಒಬ್ಬನೇ ಕೂತು ಹೋಗುವ ಕಾರನ್ನು ಕಂಡವರು ಯಾರು? ಮುಧೋಳಕ್ಕೆ ಹೊರಟೆ ಎಂದು ಬಾಯಿ ಬಿಟ್ಟರೆ ಸಾಕು, ಓಣಿಯ ಅಜ್ಜಿಗೆ ಕಣ್ಣಿನ ದವಾಖಾನೆ ನೆನಪಾಗುತ್ತದೆ, ಪಕ್ಕದ ಮನೆಯವನಿಗೆ ಬೀಗರ ಊರು ನೆನಪಾಗುತ್ತದೆ, ಉಳಿದ ಜಾಗಕ್ಕೆ ಒಂದು ಚೀಲ ಜೋಳ ಬಂದು ಕೂರುತ್ತದೆ. ಹಾಗಾಗಿ ರೇವಪ್ಪ ಪಕ್ಕದ ಸಾಬಣ್ಣನ ಅಡತಿ ಅಂಗಡಿಯಿಂದ ಬೆಲ್ಲದ ಪೆಂಟಿಗಳನ್ನು ತಂದು ಹಿಂದಿನ ಸೀಟಿನಲ್ಲಿ ಪೇರಿಸಿ, ಅವುಗಳನ್ನೇ ಬೀಗರೆಂದು ತಿಳಿದು, ಕಾಲುವೆ ಸೇತುವೆಯ ತಿರುವಿನವರೆಗೆ ಹೋಗಿ ಬರುತ್ತಿದ್ದ. ಬಂದಮೇಲೆ ಛಲೋ ಐತಿ ಎಂದರೆ ಅದು ಛಲೋ ಇರುತ್ತಿತ್ತು. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ನಡೆದಿತ್ತು.

ಎರಡು ಸಾವಿರದ ಹನ್ನೊಂದರ ದೀಪಾವಳಿ ಮುಗಿದ ಮೇಲೆ ಬನಹಟ್ಟಿಯ ಅಮೋಲ ಬಂದ. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಅವನಿಗೆ ನೌಕರಿ. ಕೊಲ್ಲಾಪುರದಿಂದ ಹಳೆಯದೊಂದು ಕಾರು ತಂದಿದ್ದ. ನೆಲಕ್ಕೆ ಹತ್ತಿ ಕೂತಂಥ, ಮುಟ್ಟಿದರೆ ಜಿಗಿಯುವಂಥ ಗಾಡಿ. ಅಗಲ ಟಯರು ಹಾಕಿಸಿದ್ದ, ಸೈಲೆನ್ಸರಿಗೆ ದೊಡ್ಡ ಬಾಯಿ ಮಾಡಿಸಿದ್ದ. ಆದರೂ ಅವನಿಗೆ ಸಮಾಧಾನವಿಲ್ಲ. ತಿರುವಿನಲ್ಲಿ ಮೈ ವಾಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಮೂತಿ ಮಾತು ಕೇಳದೆ ಮುಂದೆ ಮುಂದೆ ಹೋಗುತ್ತದೆ ಎಂದ. ಕಂಪನಿಯವರು ಮುಂದೆ ಮಾತ್ರ ರಾಡು ಕೊಟ್ಟಿದ್ದಾರೆ, ಹಿಂದೆಯೂ ಒಂದು ಹಾಕಿದರೆ ಸರಿಹೋಗುತ್ತದೆಂದು ಎಲ್ಲೋ ಓದಿಕೊಂಡು ಬಂದಿದ್ದ. ಓದಿದ್ದು ತಪ್ಪೇನಾಗಿರಲಿಲ್ಲ.

ರೇವಪ್ಪನ ಹತ್ತಿರ ಆ ಗಾಡಿಗೆ ಕೂಡುವ ರಾಡು ಎರಡಿದ್ದವು. ಒಂದು ಕಿರುಬೆರಳಿನಷ್ಟು ತೆಳ್ಳಗೆ, ಇನ್ನೊಂದು ಹೆಬ್ಬೆರಳಿನಷ್ಟು ದಪ್ಪ. ಎರಡನ್ನೂ ನೆಲದ ಮೇಲಿಟ್ಟು ಅಮೋಲನಿಗೆ ತಿಳಿಸಿ ಹೇಳಿದ. ರಾಡೆಂದರೆ ನೊಗವಿದ್ದ ಹಾಗೆ. ಒಂದು ಎತ್ತು ಮುಗ್ಗರಿಸಿದರೆ ನೊಗ ಅದನ್ನು ಬೀಳಗೊಡುವುದಿಲ್ಲ, ಆದರೆ ಆ ಭಾರ ಇನ್ನೊಂದರ ಹೆಗಲಿಗೆ ಬರುತ್ತದೆ. ಹಿಂದಿನ ರಾಡು ದಪ್ಪವಾದಷ್ಟೂ ಗಾಡಿ ನೆಟ್ಟಗೆ ನಿಂತು ತಿರುಗುತ್ತದೆ, ಮೂತಿ ಚುರುಕಾಗುತ್ತದೆ. ಅಷ್ಟೇ ಬೇಗ ಹಿಂದಿನ ಒಳಗಾಲಿ ನೆಲದಿಂದ ಹಗುರಾಗಿ ಬಾಲ ಹೊರಗೆ ಹೋಗುತ್ತದೆ. ಎಷ್ಟು ದಪ್ಪ ಬೇಕು ಎಂಬುದನ್ನು ಹಾಕಿ ಓಡಿಸಿ ನೋಡಿಯೇ ಹೇಳಬೇಕು.

ಇಷ್ಟು ಹೇಳಿ, ಮೊದಲು ತೆಳ್ಳನೆಯದನ್ನು ಹಾಕಿ, ಬೆಲ್ಲ ಹೇರಿ, ಕಾಲುವೆಯ ತನಕ ಹೋಗಿ ಬಂದ. ಬಿಚ್ಚಿ ದಪ್ಪನೆಯದನ್ನು ಹಾಕಿ ಮತ್ತೆ ಹೋಗಿ ಬಂದ. ಎರಡು ಸಲವೂ ತಿರುವಿನಲ್ಲಿ ಗಾಡಿಯನ್ನು ಬೇಕೆಂದೇ ಜೋರು ಒಗೆದು, ನಡುವೆ ಎಕ್ಸಿಲೇಟರಿನಿಂದ ಕಾಲು ತೆಗೆದು, ಹಿಂದಿನ ಗಾಲಿ ಏನೆನ್ನುತ್ತದೆ ಎಂದು ಕಾದ. ಏನೂ ಎನ್ನಲಿಲ್ಲ. ಮೊದಲ ರಾಡಿಗೂ ಎರಡನೆಯ ರಾಡಿಗೂ ಅವನ ಮೈಗೆ ಎಳ್ಳಷ್ಟೂ ಫರಕು ತಿಳಿಯಲಿಲ್ಲ. ಹಿಂದಿನ ಗಾಲಿಗಳು ಏನಾದರೂ ಹೇಳಿದ್ದವೋ ಏನೋ, ಅವನಿಗೆ ಕೇಳಿಸಿರಲಿಲ್ಲ.

ಅದು ಅವನಿಗೆ ಹೊಸದೇನಲ್ಲ, ಹೋದ ವರ್ಷದ ಮಳೆಗಾಲದಿಂದ ಹೀಗೇ ಇತ್ತು. ಆದರೆ ಗ್ಯಾರೇಜಿಗೆ ಬರುವಾಗ ಅಮೋಲ ಬಾಗಿಲಲ್ಲಿ ನಿಂತಿದ್ದ, ಸಾಬಣ್ಣ ಬೆಲ್ಲ ವಾಪಸು ಒಯ್ಯಲು ನಿಂತಿದ್ದ, ಮತ್ತಿಬ್ಬರು ಸುಮ್ಮನೆ ನಿಂತಿದ್ದರು, ಎಲ್ಲರ ಕಣ್ಣೂ ಅವನ ಬಾಯಿಯ ಮೇಲಿತ್ತು. ದಪ್ಪನೆಯದನ್ನು ಹಾಕಿದಾಗ ಕನ್ನಡಿಯಲ್ಲಿ ಕಬ್ಬಿನ ಹೊಲ ಅಷ್ಟು ವಾಲಿರಲಿಲ್ಲ, ಕಣ್ಣಿಗೆ ಕಂಡದ್ದು ಅದೊಂದೇ.

"ದಪ್ಪಂದ ಇರ್ಲಿ," ಎಂದ ರೇವಪ್ಪ. "ಛಲೋ ಐತಿ."

ಅಮೋಲ ಎರಡನೆಯ ಮಾತು ಕೇಳಲಿಲ್ಲ. ಕೈ ಮುಗಿದು, ಕೂತು, ಬಾಣದಂತೆ ಹೋದ.

ರೇವಪ್ಪನ ಮೈ ಹೀಗಾದದ್ದಕ್ಕೆ ಬೈಯಬೇಕೆಂದರೆ ಯಾರನ್ನು ಬೈಯುವುದು? ಅವನ ಅಪ್ಪ ಅಣ್ಣಂದಿರು ಬೀರದೇವರ ಒಕ್ಕಲು, ಕುರಿ ಕಾದವರು. ಕುರಿಯ ಹಿಂದೆ ನಡೆದವರಿಗೆ ಟೊಂಕ ನೋಯುವುದಿಲ್ಲ. ಇವನಿಗೆ ಮಾತ್ರ ಲಾರಿಯ ಹುಚ್ಚು ಹಿಡಿಯಿತು. ಆಲಮಟ್ಟಿಯ ನೀರು ಏರುತ್ತಿದ್ದ ವರ್ಷಗಳಲ್ಲಿ ಬೀಳಗಿ ಕಡೆಯ ಊರುಗಳವರು ತಮ್ಮ ಮನೆಗಳನ್ನು ತಾವೇ ಬಿಚ್ಚುತ್ತಿದ್ದರು. ತೊಲೆ, ಕಂಬ, ಬಾಗಿಲು, ಒರಳುಕಲ್ಲು, ಕೊನೆಗೆ ದನಕಟ್ಟುವ ಗೂಟವನ್ನೂ ಬಿಡದೆ ಹೇರುತ್ತಿದ್ದರು. ರೇವಪ್ಪ ಅದನ್ನೆಲ್ಲ ಹೊಸ ಜಾಗಕ್ಕೆ ಒಯ್ದು ಇಳಿಸಿ ಮತ್ತೆ ಬರುತ್ತಿದ್ದ. ಪಾಟಾ ಸತ್ತ ಲಾರಿ, ದಾರಿಯೇ ಇಲ್ಲದ ಎರೆಹೊಲ, ಹೆಂಗಸರ ಅಳು. ಒಂದೊಂದು ತಗ್ಗೂ ಬೆನ್ನುಹುರಿಯ ಬುಡಕ್ಕೇ ಬಂದು ಬಡಿಯುತ್ತಿತ್ತು. ಬೆನ್ನು ಉಳಿಸಿಕೊಳ್ಳುವುದಕ್ಕೆಂದೇ ಅವನು ಪಾಟಾದ ಕೆಲಸ ಕಲಿತ. ಕೆಲಸ ಉಳಿಯಿತು, ಬೆನ್ನು ಉಳಿಯಲಿಲ್ಲ.

ವರ್ಷಗಟ್ಟಲೆ ನೋವು ತಿಂದ. ಹೋದ ವರ್ಷದ ಮಳೆಗಾಲದಲ್ಲಿ ಒಂದು ದಿನ ನೋವು ತಾನೇ ನಿಂತಿತು. ಬೀರಪ್ಪ ಕಣ್ಣು ತೆರೆದ ಎಂದುಕೊಂಡು ಗುಡಿಗೆ ಹೋಗಿ ಕಾಯಿ ಒಡೆಸಿ ಬಂದ. ನೋವಿನ ಜೊತೆಗೆ ಇನ್ನೇನು ಹೋಗಿದೆ ಎಂಬುದು ಗೊತ್ತಾದದ್ದು ಆಮೇಲೆ. ನಡೆಯುತ್ತಿದ್ದ, ಏಳುತ್ತಿದ್ದ, ಭಾರ ಎತ್ತುತ್ತಿದ್ದ. ಆದರೆ ಕೂತಾಗ ಕೂತಿದ್ದೇನೆಂಬ ಅರಿವು ಮಾತ್ರ ಇಲ್ಲ. ಜಮಖಂಡಿಯ ಡಾಕ್ಟರು ನರ ಒತ್ತಿದೆ, ಕೊಯ್ದರೂ ಮೊದಲಿನಂತೆ ಆದೀತೆಂದು ಹೇಳಲಾರೆ ಎಂದರು. ರೇವಪ್ಪ ಮನೆಗೆ ಬಂದು ಹೆಂಡತಿ ಹಣಮವ್ವನಿಗೆ, ಗುಳಿಗೆ ಕೊಟ್ಟಿದ್ದಾರೆ ಎಂದಷ್ಟೇ ಹೇಳಿದ. ಮರುದಿನ ಗ್ಯಾರೇಜಿನಲ್ಲಿ ಎಂದಿನಂತೆ ಕುಂಡಿಗೆ ಏಟು ಹಾಕಿಕೊಂಡು ಜನರನ್ನು ನಗಿಸಿದ. ಅಂದಿನಿಂದ ಅವನ ಕೆಲಸವೆಲ್ಲ ಅಂದಾಜಿನ ಕೆಲಸ. ಲಾರಿ ಜೀಪುಗಳಿಗೆ ಅಂದಾಜು ನಡೆಯುತ್ತಿತ್ತು, ಅವು ನಿಧಾನದ ಪ್ರಾಣಿಗಳು. ದಿನವೂ ಗೊತ್ತಿದ್ದವನ ಹಾಗೆ ನಟಿಸಿ ನಟಿಸಿ ಅವನಿಗೆ ಸಾಕಾಗಿಹೋಗಿತ್ತು. ಸಂಜೆ ಕೈ ತೊಳೆಯುವ ಹೊತ್ತಿಗೆ ಮೈಗಿಂತ ಮೊದಲು ಮುಖ ದಣಿದಿರುತ್ತಿತ್ತು.

ಕಾರ್ತಿಕದಲ್ಲಿ ಒಂದು ರಾತ್ರಿ ಅಕಾಲಕ್ಕೆ ನಾಲ್ಕು ಹನಿ ಬಿತ್ತು. ಕಬ್ಬಿನ ಹಂಗಾಮು, ಟ್ರ್ಯಾಕ್ಟರಿನ ಗಾಲಿಗಳು ಹೊಲದ ಎರೆಮಣ್ಣನ್ನು ತಂದು ರಸ್ತೆಗೆ ಬಳಿದಿದ್ದವು. ಬೆಳಿಗ್ಗೆ ಡ್ಯೂಟಿಗೆಂದು ಅಮೋಲ ಒಬ್ಬನೇ ಹೊರಟಿದ್ದ. ಕಾಲುವೆಯ ತಿರುವಿನ ನಡುವೆ ಕಬ್ಬಿನ ಟ್ರೇಲರೊಂದು ನಿಂತದ್ದು ಕಂಡು ಕಾಲು ತೆಗೆದ. ತೆಗೆದದ್ದೇ ತಡ, ಬಾಲ ಮುಂದಕ್ಕೆ ಬಂತು. ಗಾಡಿ ಬುಗುರಿಯಂತೆ ಸುತ್ತಿ ಕಬ್ಬಿನ ಹೊಲಕ್ಕೆ ನುಗ್ಗಿ, ತಾನು ಬಂದ ಬನಹಟ್ಟಿಯ ಕಡೆಗೇ ಮುಖ ಮಾಡಿ ನಿಂತಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಟ್ರೇಲರಿನವನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ಕೊಟ್ಟ.

ಭಾನುವಾರ ಅಮೋಲ ಕಾರು ತಂದು ನಿಲ್ಲಿಸಿದ. ದೂರು ತಂದವನಂತಿರಲಿಲ್ಲ, ತಾನೇ ಏನೋ ಕೆಡಿಸಿದವನಂತೆ ತಲೆ ತಗ್ಗಿಸಿದ್ದ. ಆದದ್ದನ್ನು ಹೇಳಿದ. ರೇವಪ್ಪ ಬಗ್ಗಿ ಹಿಂದಿನ ಗಾಲಿಗಳ ಕಡೆ ನೋಡಿದ. ಅವನು ಬಾಯಿ ತೆರೆಯುವುದರೊಳಗೆ ಸಾಬಣ್ಣ ಪಂಚಾಯಿತಿ ಶುರು ಮಾಡಿಬಿಟ್ಟಿದ್ದ.

"ಒಬ್ಬಾಂವ ಯಾಕ ಹೋಗಿದ್ದಿ ತಮ್ಮಾ? ಬೆಲ್ಲಾ ಹೇರಿ ತಯಾರ ಮಾಡಿದ ಗಾಡಿ ಅದು. ಅದಕ್ಕ ಮಂದಿ ಬೇಕು."

ಅಲ್ಲಿದ್ದವರೆಲ್ಲ ಹೌದು ಹೌದೆಂದರು. ಕಾರು ಇದ್ದವನು ಒಬ್ಬನೇ ಹೋಗುವುದೆಂದರೇನು, ದಾರಿಯಲ್ಲಿ ಕೈ ಮಾಡಿದವರನ್ನು ಹತ್ತಿಸಿಕೊಳ್ಳದೆ ಹೋಗುವುದೆಂದರೇನು, ಗಾಡಿ ತಿರುಗದೆ ಇನ್ನೇನು ಮಾಡೀತು ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯುವವಳು ಸುಮ್ಮನಿದ್ದಳು, ನೆಲ ಡೊಂಕೆಂದು ಸುತ್ತಲಿನವರೇ ಸಾರುತ್ತಿದ್ದರು. ರೇವಪ್ಪನೂ ಗೋಣು ಹಾಕಿದ. ಒಬ್ಬನೇ ಹೋಗಬಾರದಪ್ಪಾ ಎಂದ. ಎಂದ ಮೇಲೆ ಅವನಿಗೆ ಅಲ್ಲೇ ನೆಲದ ಮೇಲೆ ಮಲಗಿಬಿಡಬೇಕು ಅನ್ನಿಸಿತು.

ಅಮೋಲ ಎಲ್ಲವನ್ನೂ ನಂಬಿದ. ಹಾಗಾದರೆ ಡಿಕ್ಕಿಯಲ್ಲಿ ಯಾವಾಗಲೂ ನಾಲ್ಕು ಪೆಂಟಿ ಬೆಲ್ಲ ಇಟ್ಟುಕೊಳ್ಳಲೇ ಎಂದು ಕೇಳಿದ. ಸಾಬಣ್ಣನ ಮುಖ ಅರಳಿತು. ಅಮೋಲನೇ ಮಾತು ಮುಂದುವರಿಸಿ, ಹೆಂಡತಿ ಸುವರ್ಣಾ ಬಾಣಂತನಕ್ಕೆ ಬೀಳಗಿಯ ತವರಿನಲ್ಲಿದ್ದಾಳೆ, ಬರುವ ಭಾನುವಾರ ಆಕೆಯನ್ನೂ ಕೂಸನ್ನೂ ಕರೆತರಬೇಕು, ಅವರಿಬ್ಬರು ಹಿಂದೆ ಕೂತರೆ ಹಿಂದಿನ ಭಾರ ಸಾಕಾಗುತ್ತದಲ್ಲವೇ ಎಂದ.

ರೇವಪ್ಪ ಆ ತಿರುವುಗಳನ್ನೆಲ್ಲ ಬಲ್ಲ. ಬೀಳಗಿಯಿಂದ ಜಮಖಂಡಿಗೆ ಬರುವ ದಾರಿಯಲ್ಲಿ ಹಿನ್ನೀರಿನ ಮಗ್ಗುಲಿಗೆ ರಸ್ತೆ ಹೇಗೆ ಹೊರಳುತ್ತದೆ, ಎಲ್ಲಿ ಇಳುಕಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಒಬ್ಬ ಬಾಣಂತಿ ಮತ್ತು ಮೂರು ತಿಂಗಳ ಕೂಸಿನ ಭಾರವೆಷ್ಟು ಎಂಬುದೂ ಗೊತ್ತು.

"ಗಾಡಿ ಶನಿವಾರದ ತನಕ ಇಲ್ಲೇ ಇರ್ಲಿ," ಎಂದ. ಬೆಲ್ಲ ಬೇಡ ಎಂದೂ ಹೇಳಿದ. ಸಾಬಣ್ಣ ಮುಖ ಸಣ್ಣದು ಮಾಡಿಕೊಂಡು ಹೋದ.

ಎರಡು ದಿನ ಕಾರು ಗ್ಯಾರೇಜಿನಲ್ಲಿ ನಿಂತಿತ್ತು, ರೇವಪ್ಪ ಅದನ್ನು ಮುಟ್ಟಲಿಲ್ಲ. ದಪ್ಪ ರಾಡು ತೆಗೆದು ತೆಳ್ಳನೆಯದನ್ನು ಹಾಕಿ ಕೊಟ್ಟುಬಿಡಬಹುದಿತ್ತು. ಆದರೆ ತೆಳ್ಳನೆಯದೂ ಖಾಲಿ ಗಾಡಿಗೆ ಸರಿಯೋ ಅಲ್ಲವೋ ಅವನಿಗೆ ಗೊತ್ತಿಲ್ಲ. ಶಾಕಪ್ಪಿನ ಬಿಗಿ ಹೇಗಿದೆ, ಅಗಲ ಟಯರಿನಲ್ಲಿ ಗಾಳಿ ಎಷ್ಟಿರಬೇಕು, ರಾಡಿನ ಬುಶ್ಶಿಗೆ ಮೆತ್ತನೆಯ ರಬ್ಬರು ಹಾಕಬೇಕೋ ಗಟ್ಟಿಯದನ್ನೋ, ಒಂದಕ್ಕೊಂದು ಗಂಟುಬಿದ್ದ ವಿಷಯ. ಅದನ್ನು ಬಿಡಿಸಬೇಕಾದ ಮೈ ಸತ್ತಿತ್ತು. ಬೇರೆ ಮೆಕ್ಯಾನಿಕ್ಕರನ್ನು ಕರೆದರೆ ಸಂಜೆಯೊಳಗೆ ಸುದ್ದಿ ಮುಧೋಳ ಮುಟ್ಟುತ್ತಿತ್ತು.

ಬುಧವಾರ ಮಧ್ಯಾಹ್ನ ಅವನು ಗ್ಯಾರೇಜಿನ ಹಿಂದಿನ ಮನೆಗೆ ಹೋಗಿ ಹಣಮವ್ವನನ್ನು ಕರೆದ. ಆಕೆ ರೊಟ್ಟಿ ಬಡಿದು ಮುಗಿಸಿ ಕೈ ತೊಳೆಯುತ್ತಿದ್ದಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ, ಸುಮ್ಮನೆ ಕಾರಿನಲ್ಲಿ ಕೂಡು, ಕಾಲುವೆಯ ತನಕ ಹೋಗಿ ಬರೋಣ ಎಂದ. ಮದುವೆಯಾದಂದಿನಿಂದ ಇಂಥ ಮಾತು ಕೇಳಿರದ ಹಣಮವ್ವ ಒಮ್ಮೆ ಅವನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಏನಾದರೂ ಅನ್ನಿಸಿದರೆ ಅನ್ನಿಸಿದ ಹಾಗೆ ಹೇಳು ಎಂದಷ್ಟೇ ಅವನು ತಿಳಿಸಿದ.

ರಸ್ತೆ ಒಣಗಿತ್ತು, ಎದುರಿಗೆ ಯಾರೂ ಇರಲಿಲ್ಲ. ಅಮೋಲ ಹೋಗುವ ಅರ್ಧ ವೇಗದಲ್ಲಿ ತಿರುವು ಹೊಕ್ಕು ನಡುವೆ ಕಾಲು ತೆಗೆದ. ಅವನಿಗೆ ಏನೂ ಆಗಲಿಲ್ಲ. ಹಿಂದಿನಿಂದ ಹಣಮವ್ವನ ದನಿ ಬಂತು.

"ನಿಲ್ಲಸ್ರಿ."

ಸೇತುವೆ ದಾಟಿ ನಿಲ್ಲಿಸಿದ. ಆಕೆ ಸೀಟಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ನಾ ಕುಂತ ಚಾಪಿ ಯಾರೋ ಹೊರಗ ಎಳದಂಗ ಆತು," ಎಂದಳು. "ನಿಮಗ ಆಗಲಿಲ್ಲೇನ್ರಿ?"

"ಇಲ್ಲ."

ಹಣಮವ್ವ ಹಿಡಿದಿದ್ದ ಅಂಚನ್ನು ಬಿಟ್ಟಳು. ಕಾಲುವೆಯಲ್ಲಿ ನೀರು ಬಿಟ್ಟಿದ್ದರು, ಅದರ ಸದ್ದು ಕೇಳುತ್ತಿತ್ತು. ರೇವಪ್ಪ ಮುಂದಿನ ಗಾಜಿನಲ್ಲೇ ಕಣ್ಣು ನೆಟ್ಟು ಕೂತಿದ್ದ.

"ಬ್ಯಾಸಗಿಯೊಳಗ ಕಾದ ತಗಡಿನ ಮ್ಯಾಲೆ ಕುಂತಿದ್ರಿ," ಎಂದಳು ಆಕೆ. "ಸಾಬಣ್ಣ ಕುಂಡ್ರಾಕ ಹೋಗಿ ಹಾರಿ ಎದ್ದ, ನೀವು ಏಳಲಿಲ್ಲ. ಅವತ್ತ ತಿಳೀತು ನನಗ. ನೀವ ಹೇಳ್ತೀರಿ ಅಂತ ಸುಮ್ನಿದ್ದೆ."

ಆ ಬೇಸಿಗೆಯಲ್ಲಿ ಎದ್ದ ಬೊಬ್ಬೆಗೆ ತುಪ್ಪ ಹಚ್ಚಿದವಳು ಅವಳೇ. ವೆಲ್ಡಿಂಗ್ ಕಿಡಿ ಸಿಡಿದದ್ದು ಎಂದು ಅವನು ಹೇಳಿದ್ದ. ಹೌದೇನು ಎಂದು ಕೇಳಿಸಿಕೊಂಡಿದ್ದಳು. ಇಷ್ಟು ತಿಂಗಳು ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡದ್ದನ್ನು ಈಕೆಯೂ ಹೊತ್ತಿದ್ದಳು, ಅದೂ ಅವನಿಗೆ ಗೊತ್ತಾಗದ ಹಾಗೆ. ರೇವಪ್ಪನಿಗೆ ನಾಚಿಕೆಯೂ ಆಯಿತು, ಒಂದು ಬಗೆಯ ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಗಾಡಿ ತಿರುಗಿಸಿದ.

ಅಂದೂ ಮರುದಿನವೂ ಅವರದು ಅದೇ ಕೆಲಸ. ರೇವಪ್ಪ ರಾಡು ಬಿಚ್ಚುವುದು, ಹಾಕುವುದು, ಹಣಮವ್ವ ಹಿಂದೆ ಕೂರುವುದು. ತೆಳ್ಳನೆಯ ರಾಡು ಹಾಕಿ ಹೋದಾಗ ಚಾಪೆ ಎಳೆದಂತಾಗಲಿಲ್ಲ, ಆದರೆ ತಗ್ಗು ಬಂದರೆ ಸೀಟು ತನ್ನನ್ನು ಮೇಲೆ ಎಸೆಯುತ್ತದೆ ಎಂದಳು. ಅವನು ಗಟ್ಟಿ ಬುಶ್ಶು ತೆಗೆದು ಮೆತ್ತನೆಯ ರಬ್ಬರು ಹಾಕಿದ. ಹಿಂದಿನ ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿದ. ಇಳಿಸಿದ್ದು ಹೆಚ್ಚಾಯಿತು, ಗಾಡಿ ಕುಡಿದವನಂತೆ ತೂಗುತ್ತದೆ ಎಂದು ಆಕೆ ದೂರಿದಳು, ಮತ್ತೆ ತುಸು ಏರಿಸಿದ. ಅನ್ನಿಸಿದ್ದನ್ನು ಹೇಳಲು ಅವಳಿಗೆ ಗ್ಯಾರೇಜಿನ ಮಾತು ಬರುತ್ತಿರಲಿಲ್ಲ. ಅವಳ ಚಾಪೆಯನ್ನೂ ತೂಗನ್ನೂ ಗಾಲಿಯ ಲೆಕ್ಕಕ್ಕೆ ತಿರುಗಿಸಿಕೊಳ್ಳಲು ಅವನಿಗೆ ಬರುತ್ತಿತ್ತು. ಗುರುವಾರ ಸಂಜೆ, ತಿರುವು ಮುಗಿದ ಮೇಲೆ ಆಕೆ ಏನೂ ಅನ್ನಲಿಲ್ಲ. ಹೇಗಾಯಿತು ಎಂದು ಅವನೇ ಕೇಳಬೇಕಾಯಿತು.

"ಎಲ್ಲಾ ಕೂಡೇ ತಿರುಗ್ತು," ಎಂದಳು.

ನಂಬದೆ ಇನ್ನೂ ಜೋರಾಗಿ ಹೋದ, ಬೇಗ ಕಾಲು ತೆಗೆದ. ಆಗಲೂ ಅದೇ ಮಾತು ಹೇಳಿದಳು. ಕಾರು ಸರಿಯಾಗಿತ್ತು. ಅಷ್ಟು ಸರಿಯಾಗಿ ಕೂತ ಗಾಡಿಯನ್ನು ಅವನು ತನ್ನ ಮೈ ಚೆನ್ನಾಗಿದ್ದ ಕಾಲದಲ್ಲೂ ಹೆಚ್ಚು ಮಾಡಿರಲಿಲ್ಲ. ಅದನ್ನು ಅನುಭವಿಸುವ ಭಾಗ್ಯ ಮಾತ್ರ ಅವನಿಗಿರಲಿಲ್ಲ.

ಶನಿವಾರ ಅಮೋಲ ಬಂದ. ಒಂದು ಸುತ್ತು ಓಡಿಸಿ ಬಂದು ಇಳಿದಾಗ ಅವನ ಮುಖದಲ್ಲಿ ಹಬ್ಬವಿತ್ತು. ಕಾಕಾರ ಕೈ ಎಂದರೆ ಕೈ ಎಂದ. ಕಾರ್ಖಾನೆಯಲ್ಲಿ ತನ್ನಂಥದೇ ಗಾಡಿ ಇಟ್ಟ ಗೆಳೆಯರಿದ್ದಾರೆ, ರಬಕವಿಯಲ್ಲೂ ಇದ್ದಾರೆ, ಎಲ್ಲರಿಗೂ ಹೇಳಿದ್ದೇನೆ, ಮುಂದಿನ ವಾರದಿಂದ ಬರುತ್ತಾರೆ ಎಂದ. ನೀವು ಕೂತು ಛಲೋ ಐತಿ ಅಂದರೆ ಸಾಕು, ಯಾರೂ ಎರಡನೆಯ ಮಾತು ಕೇಳುವುದಿಲ್ಲ ಎಂದ.

ರೇವಪ್ಪ ಸುಮ್ಮನಿದ್ದರೆ ಆಗುತ್ತಿತ್ತು. ಗಾಡಿ ಸರಿಯಾಗಿತ್ತು, ಕೂಸಿಗೆ ಇನ್ನು ಭಯವಿರಲಿಲ್ಲ, ತಪ್ಪು ಒಬ್ಬನೇ ಹೋದವನ ತಲೆಗೆ ಕಟ್ಟಿ ಆಗಿತ್ತು. ಆದರೆ ಬರಲಿರುವ ಗಾಡಿಗಳ ಮಾತು ಕೇಳಿದಾಗ ಅವನಿಗೆ ಆ ಮಾತು ಇನ್ನೊಮ್ಮೆ, ಮತ್ತೊಮ್ಮೆ, ಬಂದವರಿಗೆಲ್ಲ ಹೇಳಬೇಕಾಗುತ್ತದೆ ಎಂಬುದು ಹೊಳೆಯಿತು. ಅಷ್ಟು ಶಕ್ತಿ ಉಳಿದಿರಲಿಲ್ಲ. ದೊಡ್ಡ ಸತ್ಯವಂತನೆಂದು ಅವನನ್ನು ಹೊಗಳುವುದು ಬೇಡ. ದಣಿದಿದ್ದ, ಹೇಳಿದ, ಅಷ್ಟೇ.

"ಅಮೋಲಾ, ಹ್ವಾದ ಸಲ ಛಲೋ ಐತಿ ಅಂದದ್ದು ಸುಳ್ಳು. ಟೊಂಕದ ಕೆಳಗ ನನಗ ಏನೂ ಗೊತ್ತಾಗಂಗಿಲ್ಲ. ನೀ ಒಬ್ಬಾಂವ ಹೋಗಿದ್ದಕ್ಕ ಗಾಡಿ ತಿರುಗಿಲ್ಲ. ನನಗ ತಿಳೀಲಿಲ್ಲ, ಅದಕ್ಕ ತಿರುಗೇತಿ."

ಸಾಬಣ್ಣ ತನ್ನ ಅಂಗಡಿಯಿಂದ ನಕ್ಕ, ಹೊಸ ಚೇಷ್ಟೆ ಎಂದುಕೊಂಡ. ಯಾರೂ ಜೊತೆಗೂಡದ್ದನ್ನು ಕಂಡು ನಿಲ್ಲಿಸಿದ. ಅಮೋಲನ ಮುಖದ ಹಬ್ಬ ಇಳಿಯಿತು.

"ಹಂಗಾರ ಈಗ ಬರೋಬ್ಬರಿ ಐತಿ ಅಂತ ಯಾರು ಹೇಳಿದ್ರಿ?"

ರೇವಪ್ಪ ಬಾಗಿಲಿನ ಕಡೆ ನೋಡಿದ. ಹಣಮವ್ವ ಅಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು. ಆಕೆಯೇ ಹೇಳಿದಳು, ಹಿಂದೆ ಕೂತು ನೋಡಿದಳು ಎಂದ. ಕಾಕು ಗಾಡಿ ಹೊಡೆಯುತ್ತಾರೆಯೇ ಎಂದು ಅಮೋಲ ಕೇಳಿದ, ಇಲ್ಲ ಎಂದು ರೇವಪ್ಪ ಹೇಳಿದ. ಹೇಳುವಾಗಲೇ ಆ ಮಾತು ಎಂಥದೆಂದು ಅವನ ಕಿವಿಗೂ ಬಿತ್ತು. ಖರೆ ಮಾತೇ ಆದರೂ ಯಾರು ನಂಬಬೇಕು? ಎರಡು ನಿಮಿಷದ ಹಿಂದೆ ಓಡಿಸಿ ಬಂದು, ಚೆನ್ನಾಗಿದೆಯೆಂದು ತನ್ನ ಬಾಯಿಂದಲೇ ಹೊಗಳಿದವನು ಈಗ ಅದೇ ಗಾಡಿಯನ್ನು ಹಾವು ಕಂಡವನಂತೆ ನೋಡುತ್ತಿದ್ದ.

"ನನ್ನ ಕೂಸು ಕುಂಡ್ರು ಗಾಡಿರಿ ಕಾಕಾ ಇದು," ಎಂದ ಅಮೋಲ. ಬೈಯಲಿಲ್ಲ. ಬೈದಿದ್ದರೆ ರೇವಪ್ಪನಿಗೆ ಹಗುರವಾಗುತ್ತಿತ್ತು.

ಅವನು ಕಾರು ಹತ್ತಿ ಹೊರಟ. ಬನಹಟ್ಟಿಯ ಕಡೆಗೆ ರಸ್ತೆ ತಿರುಗುವಲ್ಲಿ ಗಾಡಿಯನ್ನು ಹೆಚ್ಚುಕಡಿಮೆ ನಿಲ್ಲಿಸಿ, ಮೊಟ್ಟೆ ತುಂಬಿದ ಬುಟ್ಟಿ ಹೊತ್ತವನಂತೆ ತಿರುಗಿಸಿಕೊಂಡ. ತಪ್ಪು ರಾಡಿದ್ದಾಗ ಇದೇ ತಿರುವನ್ನು ಅವನು ನೋಡದೆ ಹಾಯ್ದಿದ್ದ. ಈಗ ಸರಿಯಾದ ರಾಡು ಕೂತಿದೆ, ಎಂಥ ವೇಗದಲ್ಲಿ ಹೋದರೂ ಹಿಡಿದುಕೊಳ್ಳುತ್ತದೆ, ಅದನ್ನು ಕೂಗಿ ಹೇಳಬೇಕೆಂದು ರೇವಪ್ಪನಿಗೆ ಅನ್ನಿಸಿತು. ಆಡಿದ ಮಾತನ್ನು ವಾಪಸು ಪಡೆಯಲು ಬರುತ್ತದೆಯೇ? ಕಾರು ಕಣ್ಮರೆಯಾಗುವವರೆಗೆ ನಿಂತು ನೋಡಿದ.

ಆಮೇಲಿನ ವಾರ ರಬಕವಿಯಿಂದಾಗಲಿ ಕಾರ್ಖಾನೆಯಿಂದಾಗಲಿ ಯಾವ ಗಾಡಿಯೂ ಬರಲಿಲ್ಲ. ಒಬ್ಬಿಬ್ಬರು ಲಾರಿಯವರು ಬಂದರು, ಪಾಟಾ ಬಿಚ್ಚಿಸಿಕೊಂಡು ಹೋದರು, ಓಡಿಸಿ ನೋಡು ಎಂದು ಕೇಳಲಿಲ್ಲ. ಸಾಬಣ್ಣನಿಗೆ ಮಾತ್ರ ಇನ್ನೂ ಸಮಾಧಾನವಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು, ಗಾಡಿ ನೆಟ್ಟಗಾಗಿತ್ತಲ್ಲ ಎಂದು ದಿನಕ್ಕೊಮ್ಮೆ ಬಂದು ಗೊಣಗುತ್ತಿದ್ದ. ಗುರುವಾರ ಬನಹಟ್ಟಿಗೆ ಬೆಲ್ಲ ಕೊಟ್ಟು ಬಂದವನು ಅಮೋಲನ ಸುದ್ದಿ ತಂದ. ಕಾರು ಅಂಗಳದಲ್ಲಿ ಹೊದಿಕೆ ಹಾಕಿಕೊಂಡು ನಿಂತಿದೆ. ಭಾನುವಾರ ಅವನು ಬೀಳಗಿಗೆ ಬಸ್ಸಿನಲ್ಲಿ ಹೋಗಿ, ಹೆಂಡತಿಯನ್ನೂ ಕೂಸನ್ನೂ ಬಸ್ಸಿನಲ್ಲೇ ಕರೆತಂದನಂತೆ.

ರೇವಪ್ಪ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಆ ದಾರಿಯ ತಗ್ಗುಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಬಸ್ಸಿನಲ್ಲಿ ಹಿಂದಿನ ಗಾಲಿಯಿಂದಾಚೆ ಕೂತವರ ಗತಿ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೂರು ತಿಂಗಳ ಕೂಸಿನ ಕುತ್ತಿಗೆ ಇನ್ನೂ ಪೂರಾ ನಿಂತಿರುವುದಿಲ್ಲ.

"ಮುಂದ ಕುಂತಿದ್ರಂತೇನು, ಹಿಂದ ಕುಂತಿದ್ರಂತೇನು?" ಎಂದು ಕೇಳಿದ.

ಸಾಬಣ್ಣನಿಗೆ ಅದು ಗೊತ್ತಿರಲಿಲ್ಲ.